ಅಲೆವೂರಿನ ಎರಡು ದೂತಾವಾಸಗಳು

ಅಲೆವೂರಿನ ಶೇಖರ ಕೋಟ್ಯಾನರು ಕಲೋವಾ ಎಂಬ ದ್ವೀಪದೇಶದಲ್ಲಿ ಹತ್ತೊಂಬತ್ತು ವರ್ಷ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಉಗ್ರಾಣ ನೋಡಿಕೊಂಡು, ಅರುವತ್ತು ತುಂಬಿದ ಮೇಲೆ ಊರಿಗೆ ಬಂದು ಕೂತಿದ್ದರು. ಮೂರನೆಯ ವರ್ಷ ಒಂದು ದೊಡ್ಡ ಕೊರಿಯರ್ ಬಂತು. ಒಳಗೆ ಹಿತ್ತಾಳೆಯ ಮೊಹರು, ನೀಲಿ ಬಾವುಟ, ಒಂದು ಬೋರ್ಡು, ಜೊತೆಗೆ ದಪ್ಪದ ಕೈಪಿಡಿ. ಅದೇ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಪೆಟ್ಟಿಗೆ ಹೊರುತ್ತಿದ್ದವನು ಈಗ ಅಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ. ಮಣಿಪಾಲದಲ್ಲಿ ಓದುವ ತಮ್ಮ ಪ್ರಜೆಗಳಿಗಾಗಿ ದೂತಾವಾಸ ತೆರೆಯಬೇಕೆಂದೂ, ಶೇಖರರೇ ಅದರ ಗೌರವ ಕಾನ್ಸುಲ್ ಎಂದೂ ಬರೆದಿದ್ದ. ಪ್ರಜೆಗಳೆಂದರೆ ಒಬ್ಬಳೇ. ಮಾಲಿಯಾ ಎಂಬ ಹುಡುಗಿ, ದಂತವೈದ್ಯಕೀಯದ ಮೂರನೆಯ ವರ್ಷದಲ್ಲಿದ್ದಳು.

ದೂತಾವಾಸದಲ್ಲಿ ಎಂಟು ವಿಭಾಗಗಳು ಇರಲೇಬೇಕೆಂದು ಕೈಪಿಡಿ ಹೇಳಿತ್ತು.

"ಎಂಟಾ? ನಮ್ಮ ಮನೆಯಲ್ಲಿ ಇರುವುದೇ ಐದು ಕೋಣೆ, ಮಾರಾಯ್ರೆ" ಎಂದರು ಹೆಂಡತಿ ಚಂಪಾ.

ಶೇಖರರು ಎರಡು ದಿನ ಸ್ಕೇಲು ಹಿಡಿದು ಮನೆಯ ನಕ್ಷೆ ಬರೆದರು. ಜಗಲಿ ವೀಸಾ ಮತ್ತು ಪಾಸ್‌ಪೋರ್ಟು ವಿಭಾಗವಾಯಿತು. ಚಾವಡಿಗೆ ರಾಜಕೀಯ ವ್ಯವಹಾರ ಬಂತು, ಸ್ಕೂಟರ್ ನಿಲ್ಲಿಸುವ ಶೆಡ್ಡಿಗೆ ವಾಣಿಜ್ಯ. ಗುಪ್ತ ಪತ್ರವ್ಯವಹಾರದ ಕೋಣೆಗೆ ಒಳಗಿನಿಂದ ಚಿಲಕ ಇರಬೇಕೆಂದು ಬರೆದಿತ್ತು. ಅಂಥ ಕೋಣೆ ಮನೆಯಲ್ಲಿ ಬಚ್ಚಲು ಒಂದೇ. ಅಡುಗೆಮನೆ ಸಂಸ್ಕೃತಿ ವಿಭಾಗವಾಗಿ ಚಂಪಾರ ಪಾಲಿಗೆ ಬಂತು. ರಕ್ಷಣಾ ಅಧಿಕಾರಿಯ ಹುದ್ದೆ ಮನೆಗೆಲಸಕ್ಕೆ ಬರುವ ಲಕ್ಕವ್ವನಿಗೆ ಸಿಕ್ಕಿತು. ಬಾದಾಮಿ ಕಡೆಯ ಆಕೆ ಬಂದಂದಿನಿಂದ ಮಂಗಗಳು ಈ ಹಿತ್ತಿಲಿಗೆ ಕಾಲಿಟ್ಟಿರಲಿಲ್ಲ.

"ರಕ್ಷಣಾ ಅಂದ್ರ ಏನ್ ಮಾಡಬೇಕ್ರಿ?" ಎಂದು ಲಕ್ಕವ್ವ ಕೇಳಿದಳು.

"ಈಗ ಮಾಡುವುದನ್ನೇ."

"ಹಂಗಾರ ಆತು ಬಿಡ್ರಿ."

ನಾಲ್ಕು ತಿಂಗಳು ಯಾರೂ ಬರಲಿಲ್ಲ. ಆಮೇಲೆ ಬಂದವರೂ ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಬಂದರು. ಪಕ್ಕದ ಮನೆಯ ಡೆನ್ವರ್ ತನ್ನ ನಾಯಿಗೆ ವೀಸಾ ಕೊಡುತ್ತೀರಾ ಎಂದು ಕೇಳಿ, ಶೇಖರರು ಅರ್ಜಿ ನಮೂನೆ ಕೈಗಿತ್ತಾಗ ನಗುವುದನ್ನು ನಿಲ್ಲಿಸಿದ. ವರ್ಷದ ಕೊನೆಗೆ ಎಲ್ಲ ವಿಭಾಗಗಳ ವರದಿ ಕಳಿಸಬೇಕಿತ್ತು. ಏಳು ವಿಭಾಗಗಳ ಬಗ್ಗೆ ಶೇಖರರು "ಕಾರ್ಯ ಪ್ರಗತಿಯಲ್ಲಿದೆ" ಎಂದು ಬರೆದರು. ಸಂಸ್ಕೃತಿ ವಿಭಾಗದ ವರದಿಯನ್ನು ಚಂಪಾ ತಾವೇ ಬರೆದರು. ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡುವ ಕ್ರಮ, ಹನ್ನೊಂದು ಪುಟ.

ಅದಾಗಿ ಎರಡೇ ತಿಂಗಳಿಗೆ ಕಲೋವಾ ದೇಶ ಒಡೆದು ಉತ್ತರ, ದಕ್ಷಿಣ ಎಂದು ಎರಡಾಯಿತು. ಒಂದೇ ದಿನ ಎರಡು ಪತ್ರ ಬಂದವು, ಒಂದೊಂದರ ಜೊತೆಗೂ ಒಂದು ಹೊಸ ಮೊಹರು. ಒಂದರಲ್ಲಿ ಶೇಖರರನ್ನು ಉತ್ತರ ಕಲೋವಾದ ಕಾನ್ಸುಲ್ ಆಗಿ ಮುಂದುವರಿಸಿದ್ದರು. ಇನ್ನೊಂದು ಚಂಪಾರ ಹೆಸರಿಗಿತ್ತು. ಹಳೆಯ ದೂತಾವಾಸದಿಂದ ಬಂದ ಕಾಗದಗಳಲ್ಲಿ ಓದಲು ಯೋಗ್ಯವಾದದ್ದು ತಮ್ಮದೊಂದೇ, ಆದ್ದರಿಂದ ತಾವು ದಕ್ಷಿಣ ಕಲೋವಾದ ಕಾನ್ಸುಲ್. ಈಗಿನ ಕಟ್ಟಡವನ್ನು ಅದರ ಸಹಜ ಗಡಿಯಲ್ಲಿ ಇಬ್ಭಾಗ ಮಾಡಿಕೊಳ್ಳತಕ್ಕದ್ದು ಎಂದಿತ್ತು ಆ ಪತ್ರ.

ಸಹಜ ಗಡಿ ಯಾವುದೆಂದು ಚರ್ಚೆಯೇ ಬೇಕಾಗಲಿಲ್ಲ. ಚಂಪಾ ಅಡುಗೆಮನೆಯ ಹೊಸ್ತಿಲಿಗೆ ಸೀಮೆಸುಣ್ಣದ ಗೆರೆ ಎಳೆದರು. ರಕ್ಷಣಾ ವಿಭಾಗ ದಕ್ಷಿಣವನ್ನು ಸೇರಿಕೊಂಡಿತು. "ಚಾ ಇರೋದು ಅಲ್ಲೇ ಅಲ್ಲೇನ್ರಿ" ಎಂದಳು ಲಕ್ಕವ್ವ.

ಉತ್ತರಕ್ಕೂ ದಕ್ಷಿಣಕ್ಕೂ ಮಾತುಕತೆ ಇಲ್ಲವಾದ್ದರಿಂದ ಶೇಖರರು ಎರಡು ದಿನ ಮಣಿಪಾಲದ ಹೋಟೆಲಿನಲ್ಲಿ ಉಂಡರು. ಮೂರನೆಯ ಮಧ್ಯಾಹ್ನ ಹೊಟ್ಟೆ ಕೆಟ್ಟು, ಗಂಜಿಯ ವಾಸನೆ ಹಿಡಿದು ಹೊಸ್ತಿಲ ತನಕ ಬಂದರು. ಲಕ್ಕವ್ವ ಕೋಲು ಅಡ್ಡ ಹಿಡಿದಳು.

"ಯಜಮಾನ್ರ, ಚೀಟಿ ಇಲ್ದ ಒಳಗ ಬಿಡಂಗಿಲ್ರಿ."

ಶೇಖರರು ಅರ್ಜಿ ತುಂಬಿದರು. ಭೇಟಿಯ ಉದ್ದೇಶ: ಊಟ. ಚಂಪಾ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಹಿಂದೆ ಯಾವಾಗಲಾದರೂ ನಿಮಗೆ ವೀಸಾ ನಿರಾಕರಿಸಿದ್ದುಂಟಾ?"

"ಎಂತ ತಮಾಷೆ ಇದು ಚಂಪಾ?"

"ತಮಾಷೆ ಅಲ್ಲ. ನನಗೆ ನಿರಾಕರಿಸಿದ್ದುಂಟು. ಹತ್ತೊಂಬತ್ತು ವರ್ಷ ಪ್ರತಿ ಸಲ ರಜೆಗೆ ಬಂದಾಗ ಕೇಳಿದೆ, ನನ್ನನ್ನೂ ಒಮ್ಮೆ ಕರ್ಕೊಂಡು ಹೋಗಿ ಎಂದು. ಅಲ್ಲಿ ಹೆಂಡತಿಯರಿಗೆ ವೀಸಾ ಕೊಡುವುದಿಲ್ಲ ಎಂದಿರಿ. ಈ ಕೈಪಿಡಿಯ ನಲವತ್ತನೇ ಪುಟದಲ್ಲಿ ಉಂಟು ನೋಡಿ. ಒಂದು ಫೋಟೊ, ಒಂದು ಅರ್ಜಿ. ಅಷ್ಟೇ."

ಶೇಖರರಿಗೆ ಆ ಪುಟ ಗೊತ್ತಿತ್ತು. ಕೈಪಿಡಿ ಬಂದ ದಿನವೇ ಓದಿದ್ದರು. ಅದಕ್ಕೂ ಹಿಂದೆ, ದ್ವೀಪದಲ್ಲಿದ್ದಾಗ, ವೀಸಾ ಕಚೇರಿಯ ಕಿಟಕಿಯ ಮುಂದೆ ದಿನಾ ಹಾದುಹೋಗುತ್ತಿದ್ದರೂ ಒಮ್ಮೆಯೂ ಒಳಗೆ ಹೋಗಿ ಕೇಳಿರಲಿಲ್ಲ. ಯಾಕೆ ಎಂದು ಅವರಿಗೂ ಸರಿಯಾಗಿ ತಿಳಿಯದು. ಅಲ್ಲಿ ತಾನೊಬ್ಬನೇ ಇರುವುದು ಅಭ್ಯಾಸವಾಗಿ ಹೋಗಿತ್ತು.

"ಕೇಳಲಿಲ್ಲ ನಾನು" ಎಂದರು.

ಚಂಪಾ ಅರ್ಜಿಗೆ ಮೊಹರು ಒತ್ತಿದರು. "ಇಪ್ಪತ್ತು ನಿಮಿಷ. ಒಂದೇ ಪ್ರವೇಶ."

ಆ ಇಪ್ಪತ್ತು ನಿಮಿಷದೊಳಗೆ ಮಾಲಿಯಾ ಅಳುತ್ತಾ ಬಂದಳು. ಒಂಬತ್ತು ದಿನದಲ್ಲಿ ಅಕ್ಕನ ಮದುವೆ. ಅವಳ ಪಾಸ್‌ಪೋರ್ಟು ಈಗ ಇಲ್ಲದ ದೇಶದ್ದು. ಹೊಸತು ಯಾವ ದೇಶದ್ದು ಕೇಳುವುದೆಂದು ಗೊತ್ತಿಲ್ಲ. "ನಮ್ಮ ಮನೆಯ ಅಂಗಳ ಉತ್ತರ ಆಯಿತು, ಬಾವಿ ದಕ್ಷಿಣ ಆಯಿತು" ಎಂದಳು, ಕಲಿತ ಕನ್ನಡದಲ್ಲಿ ಒಂದೊಂದೇ ಮಾತು ಹುಡುಕಿಕೊಂಡು.

"ಮಲಗುವ ಕೋಣೆ?" ಎಂದು ಶೇಖರರು ಕೇಳಿದರು. ಕೈಪಿಡಿಯಲ್ಲಿ ವಾಸಸ್ಥಳ ಎಂಬ ಕಲಮಿತ್ತು.

"ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ."

"ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಮಗಳೇ" ಎಂದು ಚಂಪಾ ಗಂಜಿ ಬಡಿಸಿದರು.

ಇಬ್ಬರು ಕಾನ್ಸುಲರೂ ಗೆರೆಯ ಎರಡು ಬದಿಗೆ ಮಣೆ ಹಾಕಿ ಕೂತು ಒಂದೇ ಕಾಗದ ಬರೆದರು. ಇವಳು ಇವಳೇ ಹೌದು, ಇವಳನ್ನು ಮನೆಗೆ ಹೋಗಲು ಬಿಡಿ. ಕೆಳಗೆ ಎರಡು ಮೊಹರು. ಸಾಕ್ಷಿಯ ಜಾಗದಲ್ಲಿ ರಕ್ಷಣಾ ಅಧಿಕಾರಿಯ ಹೆಬ್ಬೆಟ್ಟು.

ಆ ಕಾಗದ ಹಿಡಿದು ಮಾಲಿಯಾ ಮೂರು ವಿಮಾನ ಬದಲಿಸಿ ಮನೆ ತಲುಪಿದಳು. ಎಲ್ಲಿಯೂ ಯಾರೂ ತಡೆಯಲಿಲ್ಲ. ದ್ವೀಪದ ಗಡಿಕಟ್ಟೆಯಲ್ಲಿ ಮಾತ್ರ ಎರಡೂ ಕಡೆಯ ಕಾವಲಿನವರು ಕಾಗದವನ್ನು ಬಹಳ ಹೊತ್ತು ನೋಡಿ, ಎರಡು ಮೊಹರೂ ಒಟ್ಟಿಗಿರುವ ಪತ್ರ ತಾವು ಕಂಡದ್ದು ಇದೇ ಮೊದಲೆಂದು ಸೆಲ್ಯೂಟ್ ಹೊಡೆದರಂತೆ. ಮದುವೆಯಲ್ಲಿ ಅದನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರಂತೆ.

ಇದು ದಕ್ಷಿಣದ ಅಧ್ಯಕ್ಷರ ಕಿವಿಗೂ ಬಿತ್ತು. ಕಾನ್ಸುಲರ ತರಬೇತಿಗೆ ಮೂರು ವಾರ ಬರಬೇಕೆಂದು ಚಂಪಾರಿಗೆ ಆಹ್ವಾನ ಬಂತು. ದಕ್ಷಿಣದ ವೀಸಾವನ್ನು ಅವರು ತಮಗೆ ತಾವೇ ಕೊಟ್ಟುಕೊಂಡರು. ಆದರೆ ವಿಮಾನ ಇಳಿಯುವ ಮೈದಾನ ಇದ್ದದ್ದು ಉತ್ತರದಲ್ಲಿ.

ಚಂಪಾ ಒಳ್ಳೆಯ ಸೀರೆ ಉಟ್ಟು, ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಹೊರಬಿದ್ದು, ಮನೆಯನ್ನು ಸುತ್ತಿ ಬಂದು ಜಗಲಿಯ ಮುಂದೆ ನಿಂತರು. ಕೈಯಲ್ಲಿ ಒಂದು ಫೋಟೊ ಇತ್ತು. ಶೇಖರರು ಅವರನ್ನು ಕೂರಿಸಿ, ಅರ್ಜಿಯನ್ನು ತಾವೇ ತುಂಬಿದರು. ಉದ್ದೇಶ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ, "ನೋಡುವುದು" ಎಂದು ಬರೆದರು. ಮೊಹರು ಎಷ್ಟು ಜೋರಾಗಿ ಒತ್ತಿದರೆಂದರೆ ಕಾಗದ ತೂತಾಯಿತು. ಇನ್ನೊಂದು ಬರೆದುಕೊಟ್ಟರು.

ಹೋದ ಐದನೆಯ ದಿನ ಬೆಳಿಗ್ಗೆ ಚಂಪಾ ಫೋನು ಮಾಡಿದರು. ಹಿಂದೆ ಮೀನು ಮಾರುವವರ ಗದ್ದಲ ಕೇಳಿಸುತ್ತಿತ್ತು.

"ಇಲ್ಲಿ ಎಲ್ಲರಿಗೂ ನಿಮ್ಮ ಗುರ್ತ ಉಂಟು. ಶನಿವಾರ ಶನಿವಾರ ದೋಣಿ ಕಟ್ಟುವ ಜೆಟ್ಟಿಯಲ್ಲಿ ಕೂತು ಹಾಡುತ್ತಿದ್ದಿರಂತೆ. ಹೌದಾ?"

ಶೇಖರರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಮನೆಯಲ್ಲಿ ಒಂದು ದಿನವೂ ಹಾಡಲು ಬಾಯಿ ಬಿಟ್ಟವರಲ್ಲ ನೀವು. ಎಂತ ಹಾಡು ಅದು?"

"ಹಾಗೇ ಸುಮ್ಮನೆ. ಹಳೆಯದು."

"ಹಾಡಿ. ಇಲ್ಲೊಬ್ಬರು ಅಜ್ಜಿ ಕಾಯ್ತಾ ಇದ್ದಾರೆ, ನಾನೂ ಕಾಯ್ತಾ ಇದ್ದೇನೆ."

ಶೇಖರರು ಅತ್ತಿತ್ತ ನೋಡಿದರು. ಲಕ್ಕವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಳ ಬಂದ್ ಮಾಡಿದಳು. ಅವರು ಗಂಟಲು ಸರಿಮಾಡಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಮೊದಲ ಸಾಲನ್ನು ತಪ್ಪು ಶ್ರುತಿಯಲ್ಲಿ ಎತ್ತಿಕೊಂಡರು.