ಬಾಯಿ ತೊಳೆದು ಕೊಟ್ಟ ಉಗುಳು

"ತೊಂಬತ್ತು ಪರ್ಸೆಂಟ್ ಫಲಿತಾಂಶ ತಾಳೆ ಆಗೈತ್ರಿ ಮೇಡಂ. ಇನ್ನೇನ್ ಬೇಕು? ಸಹಿ ಹಾಕಿಬಿಡ್ರಿ" ಎನ್ನುತ್ತ ನಾಗೇಶ ವರದಿಯನ್ನು ಕವಿತಾಳ ಮುಂದಕ್ಕೆ ಸರಿಸಿದ.

ಕವಿತಾ ಕೊಪ್ಪಳದ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆ. ನಾಗೇಶ ಉಗುಳಿನಿಂದ ಕೊರೊನಾ ಪತ್ತೆ ಮಾಡುವ ಕಿಟ್ ಮಾರುವ ಕಂಪನಿಯವನು. ಮೂರನೇ ಅಲೆಯ ಜನವರಿ ಮುಗಿಯುತ್ತ ಬಂದಿತ್ತು. ಆ ಕಿಟ್ಟನ್ನು ತಾಲೂಕುಗಳಿಗೆಲ್ಲ ಕೊಡುವ ಮೊದಲು ಅದು ನಂಬಿಕೆಗೆ ಅರ್ಹವೋ ಅಲ್ಲವೋ ನೋಡಬೇಕಿತ್ತು. ಒಬ್ಬರದೇ ಉಗುಳನ್ನು ಕಿಟ್ಟಿನಲ್ಲಿ, ಮೂಗಿನ ದ್ರವವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಎರಡನ್ನೂ ಹೋಲಿಸುವುದು ಕವಿತಾಳ ಕೆಲಸ.

ಗಂಗಾವತಿಯ ಕಾಲೇಜಿನಲ್ಲಿ ಕಿಟ್ ಪರವಾಗಿಲ್ಲ ಎನಿಸಿತ್ತು. ಮೂಗಿಗೆ ಕಡ್ಡಿ ಎಂದರೆ ಹಿಂದಕ್ಕೆ ಸರಿಯುತ್ತಿದ್ದ ಹುಡುಗರು ಕಪ್ಪಿಗೆ ಉಗುಳಲು ನಗುನಗುತ್ತ ಬಂದಿದ್ದರು. ಕಾಲು ಗಂಟೆಯಲ್ಲಿ ಗೆರೆ ಮೂಡುತ್ತಿತ್ತು. ಒಂದು ಗೆರೆಯಾದರೆ ರೋಗವಿಲ್ಲ, ಎರಡಾದರೆ ಇದೆ. ಹಳ್ಳಿಗಳಿಗೆ ಇದು ಅನುಕೂಲವೇ ಎಂದು ಕವಿತಾ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದಳು ಕೂಡ.

ನಿನ್ನೆ ಯಲಬುರ್ಗಾ ರಸ್ತೆಯ ದಾಳಿಂಬೆ ಪ್ಯಾಕಿಂಗ್ ಶೆಡ್ಡಿನಲ್ಲಿ ಅರವತ್ತು ಹೆಂಗಸರ ಪರೀಕ್ಷೆ ನಡೆದಿತ್ತು. ಮೂಗಿನ ಫಲಿತಾಂಶ ಈಗಷ್ಟೇ ಬಂದಿತ್ತು. ಎಂಟು ಮಂದಿಗೆ ಸೋಂಕು. ಉಗುಳಿನ ಕಿಟ್ ಹಿಡಿದದ್ದು ಅವರಲ್ಲಿ ಇಬ್ಬರನ್ನು ಮಾತ್ರ.

"ಅರವತ್ತರಾಗ ಐವತ್ನಾಲ್ಕು ತಾಳೆ ಆಗೈತಿ. ತೊಂಬತ್ತಾತಿಲ್ರಿ?" ಎಂದ ನಾಗೇಶ.

"ಕಿಟ್ ಬಿಚ್ಚದನ ಎಲ್ಲಾರಿಗೂ ಏನೂ ಇಲ್ಲ ಅಂತ ಹೇಳಿದ್ರೂ ಐವತ್ತೆರಡು ತಾಳೆ ಆಗ್ತಿತ್ತು. ಅದಕ್ಕ ನಿಮ್ಮ ಕಿಟ್ ಯಾಕ ಬೇಕ್ರಿ? ರೋಗ ಇರೋ ಎಂಟ ಮಂದ್ಯಾಗ ಆರ ಮಂದೀನ ಬಿಟ್ಟೈತಿ. ಅದನ್ನ ಎಲ್ಲಿ ಬರದೀರಿ?"

"ಅದು ಒಳಗಿನ ಪುಟದಾಗ ಐತ್ರಿ."

ಕವಿತಾಳಿಗೆ ಮೈಯೆಲ್ಲ ಉರಿಯಿತು. ಆದರೆ ಮಾತು ಬೆಳೆಸಲು ಸಮಯವಿರಲಿಲ್ಲ. ಬಿಟ್ಟುಹೋದ ಆರು ಹೆಸರುಗಳಲ್ಲಿ ತಳಕಲ್ಲಿನ ಕಳಕಮ್ಮನ ಹೆಸರಿತ್ತು.

ನಿನ್ನೆ ಕಳಕಮ್ಮ ಮೂಗು ಒರೆಸಿಕೊಳ್ಳುತ್ತಲೇ ಸಾಲಿನಲ್ಲಿ ನಿಂತಿದ್ದಳು. ಹೆರಿಗೆಗೆ ಬಂದ ಮಗಳು ಭವಾನಿ ಮನೆಯಲ್ಲಿದ್ದಾಳೆ, ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದೆ, ನೆಗಡಿ ಇದ್ದವರು ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಕೇಳಿದವರಿಗೆಲ್ಲ ಹೇಳಿದ್ದಳು. ನೆಗಡಿ ಶುರುವಾದಾಗಿನಿಂದ ಅವಳು ಹೊರಗಿನ ಕಟ್ಟೆಯ ಮೇಲೇ ಮಲಗುತ್ತಿದ್ದಳು. ಒಂದು ಗೆರೆ ನೋಡಿ ನಾಗೇಶ, "ಏನೂ ಇಲ್ಲ ಹೋಗವ್ವ" ಎಂದಿದ್ದ. "ಹಂಗಾರ ನಾಳೆ ಅಮಾಸಿ, ಕೆಲಸ ಇಲ್ಲ. ಕೂಸಿಗೆ ನಾನ ನೀರು ಎರೀಲೇನ್ರಿ?" ಎಂದು ಅವಳು ಕೇಳಿದಾಗ, "ಧಾರಾಳ ಎರಿ" ಎಂದು ಬಿಟ್ಟಿದ್ದ. ಹೋಲಿಕೆ ಮುಗಿಯುವ ತನಕ ಉಗುಳಿನ ಫಲಿತಾಂಶವನ್ನು ಯಾರಿಗೂ ಹೇಳಬಾರದೆಂಬ ಕರಾರಿತ್ತು. ಆಚೆ ಮೇಜಿನಲ್ಲಿದ್ದ ಕವಿತಾ ಎದ್ದು ಬಂದು ಬೈಯುವಷ್ಟರಲ್ಲಿ ಕಳಕಮ್ಮ ಟಂಟಂ ಆಟೊ ಹತ್ತಿದ್ದಳು.

ಈಗ ಫೋನ್ ಮಾಡಿದರೆ ಸ್ವಿಚ್ ಆಫ್. ಉಳಿದ ಐವರ ನಂಬರುಗಳೂ ಗಂಡಂದಿರವೋ ಮಕ್ಕಳವೋ ಆಗಿದ್ದವು. ಒಬ್ಬ ಎತ್ತಿ, ತಾನು ಮುನಿರಾಬಾದಿನಲ್ಲಿದ್ದೇನೆ, ಮನೆಯವಳು ಊರಲ್ಲಿದ್ದಾಳೆ ಎಂದ. ಕವಿತಾ ಸ್ಕೂಟಿಯ ಕೀಲಿ ತೆಗೆದುಕೊಂಡಳು.

"ಮೇಡಂ, ಸಹಿ?"

"ಬಂದ ಮ್ಯಾಲ ಮಾತಾಡ್ತೀನಿ. ನೀವು ಇಲ್ಲೇ ಕುಂದರ್ರಿ."

ತಳಕಲ್ಲಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಿತ್ತಲಿನ ಒಲೆಯಿಂದ ಹೊಗೆ ಏಳುತ್ತಿತ್ತು. ತಲೆಗೆ ಎರೆದುಕೊಂಡು ಒದ್ದೆ ಕೂದಲಿಗೆ ಬಟ್ಟೆ ಸುತ್ತಿದ್ದ ಕಳಕಮ್ಮ ಹಿತ್ತಲ ಕಟ್ಟೆಯಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಬಿಸಿನೀರು, ಎಣ್ಣೆಯ ಬಟ್ಟಲು. ಭವಾನಿ ಕೂಸನ್ನು ಎತ್ತಿಕೊಂಡು ಬಾಗಿಲು ದಾಟುತ್ತಿದ್ದಳು.

"ಕೊಡಬ್ಯಾಡ ತಂಗಿ! ಒಳಗ ಹೋಗು!"

ಭವಾನಿ ಬೆಚ್ಚಿ ನಿಂತಳು. ಕಳಕಮ್ಮ ತಿರುಗಿ ನೋಡಿ, "ಅಯ್ಯ, ಮೂಗಿಗೆ ಕಡ್ಡಿ ಹಾಕಿದ ಬಾಯಾರು!" ಎಂದು ನಕ್ಕಳು. ಕವಿತಾ ಮಾಸ್ಕ್ ಸರಿಮಾಡಿಕೊಂಡು, ದೂರದಲ್ಲೇ ನಿಂತು ವಿಷಯ ಹೇಳಿದಳು. ಕಳಕಮ್ಮನ ನಗು ನಿಂತಿತು. ಚಾಚಿದ ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡಳು.

"ನೀವು ಕೂಸನ್ನ ಮುಟ್ಟೀರೇನ್ರಿ?"

"ಇಲ್ಲವ್ವ. ಶೆಡ್ಡಿನಾಗ ಔಷಧಿ ಹೊಡದ ಹಣ್ಣು ಮುಟ್ಟಿದ ಕೈ. ತಲಿಗೆ ಎರಕೊಂಡ ಮುಟ್ಟಬೇಕಂತ ರಾತ್ರಿನೂ ಕಟ್ಟಿ ಮ್ಯಾಲನ ಮಲಗಿದ್ದೆ." ಮತ್ತೆ ಕೇಳಿದಳು: "ಆದ್ರ ಆ ಸಾಯಬ್ರು ಏನೂ ಇಲ್ಲಂದ್ರಲ್ಲ? ಉಗುಳೂ ನಂದ, ಮೂಗೂ ನಂದ. ಬ್ಯಾರೆ ಬ್ಯಾರೆ ಹೆಂಗ ಹೇಳ್ತಾವು?"

ಕವಿತಾಳನ್ನೂ ಕೊರೆಯುತ್ತಿದ್ದ ಪ್ರಶ್ನೆ ಅದೇ. ಗಂಗಾವತಿಯಲ್ಲಿ ಸರಿಯಿದ್ದದ್ದು ಇಲ್ಲೇಕೆ ಕೆಟ್ಟಿತು? "ಉಗುಳೂದಕ್ಕ ಮೊದಲ ಏನರ ತಿಂದಿದ್ರೇನು?"

"ತಿನ್ನೂದೆಲ್ಲಿ ಬಂತು? ಎಲಿ ಅಡಿಕಿ ಹಾಕಿದ್ದೆ. ಉಗುಳಿ, ನಳದ ಹತ್ರ ಹೋಗಿ ಛಲೋತ್ನಂಗ ಬಾಯಿ ಮುಕ್ಕಳಿಸಿ ಬಂದೆ."

"ಮುಕ್ಕಳಿಸಿದ್ರಾ?"

"ಮತ್ತ? ನಾಕ ಮಂದಿ ಮುಂದ ನನ್ನ ಎಂಜಲನ್ನ ಇನ್ನೊಬ್ಬರ ಕೈಯಾಗ ಕೊಡೂದು. ಬಾಯಿ ತೊಳೀದನ ಕೊಟ್ರ ಏನಂದಾರು? ನಾನೊಬ್ಬಾಕಿ ಅಲ್ಲ, ಎಲ್ಲಾರೂ ತೊಳಕೊಂಡ್ವಿ. ಗಾಳೆಮ್ಮಂತೂ ಉಪ್ಪು ಹಚ್ಚಿ ಹಲ್ಲು ತಿಕ್ಕ್ಯಾಳ. ನಿಮ್ಮ ಸಾಯಬ್ರು ನೋಡಿ, ‘ಶಾಣ್ಯಾರು, ಹಿಂಗ ಸ್ವಚ್ಛ ಇರಬೇಕು’ ಅಂದ್ರು."

ಕವಿತಾ ಕಣ್ಣು ಮುಚ್ಚಿಕೊಂಡಳು. ಬಾಯಲ್ಲಿ ಇದ್ದ ಅಲ್ಪಸ್ವಲ್ಪ ವೈರಸ್ಸನ್ನೂ ಶೆಡ್ಡಿನ ಹಿಂದಿನ ನಳಕ್ಕೆ ಬಿಟ್ಟು, ನೀರಿನಂಥ ಉಗುಳನ್ನು ಮರ್ಯಾದೆಯಿಂದ ತಂದುಕೊಟ್ಟಿದ್ದರು. ಅರ್ಧ ಗಂಟೆ ಮೊದಲು ಬಾಯಿಗೆ ಏನನ್ನೂ, ನೀರನ್ನೂ ಹಾಕಿಕೊಳ್ಳಬಾರದೆಂದು ಕಿಟ್ಟಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದನ್ನು ಕನ್ನಡದಲ್ಲಿ ಹೇಳಬೇಕಾದವನು ಸಾಲಿನ ಪಕ್ಕ ನಿಂತು ಶಹಬ್ಬಾಸ್ ಎಂದಿದ್ದ. ಎಲೆ ಅಡಿಕೆಯ ಕೆಂಪು ಕಿಟ್ಟಿಗೆ ಹತ್ತಿದರೆ ಗೆರೆ ಕಾಣುವುದಿಲ್ಲ. ತೊಳೆದ ಬಾಯಿ ಅವನಿಗೆ ಅನುಕೂಲವಾಗಿತ್ತು.

ಅಷ್ಟರಲ್ಲಿ ಅವಳ ಫೋನ್ ಮೊಳಗಿತು. ನಾಗೇಶನೇ. ಅವಳು ಸ್ಪೀಕರ್ ಒತ್ತಿದಳು.

"ಮೇಡಂ, ಹೆಂಗಸರು ಸರಿಯಾಗಿ ಉಗುಳಿಲ್ಲ ಅಂತ ಒಂದು ಸಾಲು ಸೇರಸೋಣ್ರಿ. ಕಿಟ್ಟಿಂದೇನೂ ತಪ್ಪಿಲ್ಲಲ್ರಿ."

ಕವಿತಾ ಬಾಯಿ ತೆರೆಯುವ ಮೊದಲೇ ಕಳಕಮ್ಮ ಕಟ್ಟೆಯ ಮೇಲಿಂದ ಗರ್ಜಿಸಿದಳು: "ಏನಂದಿಯೋ? ಉಗುಳಾಕ ಬರಂಗಿಲ್ಲ ನಮಗ? ಹತ್ರ ಬಾ, ತೋರಸ್ತೀನಿ! ನಿನ್ನ ಮಾತ ನಂಬಿ ಈ ಕೂಸನ್ನ ಕಾಲ ಮ್ಯಾಲ ಹಾಕ್ಕೊಳ್ಳಾಕಿದ್ನಲ್ಲೋ! ಬಾಯಿ ತೊಳೀಬ್ಯಾಡ ಅಂತ ಒಂದ ಮಾತ ಹೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನು?"



"ಕೇಳಿದ್ರಲ್ಲ?" ಎಂದಳು ಕವಿತಾ. ಅವಳ ದನಿ ಏರಲಿಲ್ಲ. "ಮೊದಲ ಪುಟದಾಗನ ಬರೀತೀನಿ. ಎಂಟರಾಗ ಎರಡ ಹಿಡದೈತಿ. ಯಾಕಂತನೂ ಬರೀತೀನಿ, ಶೆಡ್ಡಿನಾಗ ನೀವೇನ್ ಹೇಳಿದ್ರಿ ಅದನ್ನೂ ಬರೀತೀನಿ. ಸಹಿ ಅದಕ್ಕ ಹಾಕ್ತೀನಿ. ನಿಮ್ಮದನ್ನ ಒಯ್ಯಿರಿ."

ಫೋನ್ ಇಟ್ಟರೂ ಕಳಕಮ್ಮನ ಸಿಟ್ಟು ಇಳಿದಿರಲಿಲ್ಲ. ಭವಾನಿಯ ಕಡೆ ಕೈ ಬೀಸಿದಳು. "ಒಳಗ ಒಯ್ಯಿ ಅದನ್ನ, ಗಾಳಿ ಬಡಿತೈತಿ. ಇವತ್ತ ನೀನ ಒರಸು, ಎರಿಯೂದು ಬ್ಯಾಡ." ಆಮೇಲೆ ಕವಿತಾಳತ್ತ ತಿರುಗಿದಳು. "ಬಾಯಾರ, ನನ್ನಂಗ ತಪ್ಪಿದವ್ರು ಇನ್ನ ಐದ ಮಂದಿ ಅಂದ್ರಲ್ಲ. ಯಾರ್ಯಾರು?"

ಕವಿತಾ ಹೆಸರು ಹೇಳತೊಡಗಿದಳು. ಗಾಳೆಮ್ಮ ಎಂದೊಡನೆ ಕಳಕಮ್ಮ ಎದ್ದು ನಿಂತಳು.

"ಆಕಿ ಅತ್ತಿ ಹಾಸಿಗಿ ಹಿಡದಾಳ. ಮುದುಕಿಗೆ ಊಟ ಆಕಿನ ಉಣಸ್ತಾಳ. ಗಂಡನ ನಂಬರ್ ಬಿಡ್ರಿ, ಅವ ಎತ್ತಂಗಿಲ್ಲ. ಆಕಿ ಮಗ್ಗಲ ಮನಿ ಕಾಸೀಮಬೀ ನಂಬರ್ ನನಗ ಬಾಯಿಪಾಠ ಐತಿ. ಹಚ್ಚರಿ."

ಕವಿತಾ ನಂಬರ್ ಒತ್ತಿ, ಫೋನನ್ನು ಕಟ್ಟೆಯ ತುದಿಯಲ್ಲಿಟ್ಟು ಹಿಂದೆ ಸರಿದಳು.

"ಕಾಸೀಮಬೀ, ನಾನವ್ವಾ ಕಳಕಮ್ಮ. ಲಗೂನ ಓಡಿ ಹೋಗು, ಗಾಳೆಮ್ಮಗ ಅತ್ತಿ ಕೋಣ್ಯಾಗಿಂದ ಹೊರಗ ಬಾ ಅಂತ ಹೇಳು. ಕೈಯಾಗ ತುತ್ತಿದ್ರ ಅಲ್ಲೇ ಇಟ್ಟು ಬರ್ಲಿ. ಆ ಒಂದ ಗೆರಿ ಸುಳ್ಳಂತ!"