ಮೊದಲ ಸುತ್ತಿಗೆ ಐವತ್ತೊಂಬತ್ತು

ಅಕ್ಕನಿಗೆ ‘ಗಡಿಯಾರ’ ಎಂದು ಹೆಸರಿಟ್ಟವರು ಕೋಚ್. ತಮಾಷೆಗೆ ಇಟ್ಟದ್ದಲ್ಲ. ನಾನೂರು ಮೀಟರಿನ ಒಂದು ಸುತ್ತನ್ನು ಅರವತ್ತಮೂರು ಸೆಕೆಂಡಿಗೆ ಓಡು ಎಂದರೆ ಅರವತ್ತಮೂರು, ಎಪ್ಪತ್ತಕ್ಕೆ ಓಡು ಎಂದರೆ ಎಪ್ಪತ್ತು. ಕೈಯಲ್ಲಿ ವಾಚಿಲ್ಲ, ಕಣ್ಣು ಅತ್ತಿತ್ತ ಹೋಗುವುದಿಲ್ಲ. ಒಮ್ಮೆ ಜಾವೆಲಿನ್ ಎಸೆಯುವವನೊಬ್ಬ ಇದೆಲ್ಲ ಬುರುಡೆ ಎಂದು ಪಂಥ ಕಟ್ಟಿ, ಅವಳನ್ನು ಮೂರು ಸುತ್ತು ಓಡಿಸಿ, ಸೋತು, ಒಂದು ವಾರ ಎಲ್ಲರ ಬೂಟಿನ ಚೀಲ ಹೊತ್ತಿದ್ದ.

ಅದು ಅವಳಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಅಮ್ಮನ ಬಳಿ ಉತ್ತರವಿತ್ತು. ಅಮ್ಮ, ಅಕ್ಕ ಇಬ್ಬರಿಗೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬಿಸಿ ರೋಲರಿನಿಂದ ಹೊರಬೀಳುವ ಬೆಡ್‌ಶೀಟುಗಳನ್ನು ಇಬ್ಬರು ಎರಡು ತುದಿ ಹಿಡಿದು, ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು ಮಡಿಸಬೇಕು. ಒಬ್ಬರ ಹೆಜ್ಜೆ ಮುಂದಾದರೂ ಅಂಚು ಸೊಟ್ಟ, ಮೇಲ್ವಿಚಾರಕಿಯ ಮುಖ ಅದಕ್ಕಿಂತ ಸೊಟ್ಟ. “ಇವಳು ಹೊಟ್ಟೇಲಿದ್ದಾಗಲೂ ನಾನು ಅದೇ ಕೆಲಸ ಮಾಡ್ತಿದ್ದೆ. ಒಳಗೇ ಕೂತು ಹೆಜ್ಜೆ ಎಣಿಸಿರ್ಬೇಕು” ಎನ್ನುತ್ತಿದ್ದಳು ಅಮ್ಮ.

ಆದರೆ ಈಗ ಮನೆಯ ಆಸೆಯೆಲ್ಲ ಇದ್ದದ್ದು ತಂಗಿಯ ಮೇಲೆ. ಅಕ್ಕನಿಗೆ ಇಪ್ಪತ್ತಾರು, ತಂಗಿಗೆ ಹತ್ತೊಂಬತ್ತು. ಎಂಟುನೂರು ಮೀಟರನ್ನು ಎರಡು ನಿಮಿಷ ಒಂಬತ್ತು ಸೆಕೆಂಡಿನೊಳಗೆ ಮುಗಿಸಿದರೆ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆ. ಎರಡು ವರ್ಷ ಊಟ, ವಸತಿ, ಬೂಟು, ವೈದ್ಯರು, ಎಲ್ಲವೂ ಅವರದೇ. ತಿಂಗಳ ಕೊನೆಯೊಳಗೆ ಎರಡು ಆಯ್ಕೆ ಓಟಗಳು, ಅಷ್ಟೇ. ಕೋಚ್ ಹಾಕಿದ ಯೋಜನೆ ಸರಳವಾಗಿತ್ತು. ಅಕ್ಕ ಮುಂದೆ ಓಡಿ ಮೊದಲ ಸುತ್ತನ್ನು ಸರಿಯಾಗಿ ಅರವತ್ತಮೂರಕ್ಕೆ ಎಳೆಯಬೇಕು, ಐನೂರು ಮೀಟರಿಗೆ ಪಕ್ಕಕ್ಕೆ ಸರಿಯಬೇಕು. ಉಳಿದದ್ದು ತಂಗಿಯ ಕಾಲಿಗೆ ಬಿಟ್ಟದ್ದು. ತಂಗಿ ವಾಚು ಕಟ್ಟಿದವಳೇ ಅಲ್ಲ. ಯಾಕೆಂದು ಕೇಳಿದವರಿಗೆ “ಅಕ್ಕ ಇದ್ದಾಳಲ್ಲ” ಎನ್ನುತ್ತಿದ್ದಳು.

ಇನ್ನು ಹಲಗೆಯ ವಿಷಯ. ಕ್ಲಬ್ಬಿನ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಹಸಿರು ಹಲಗೆ ಇತ್ತು, ಮೈದಾನದ ದಾಖಲೆಗಳನ್ನು ಬಿಳಿ ಬಣ್ಣದಲ್ಲಿ ಬರೆದದ್ದು. ಮಹಿಳೆಯರ ಎಂಟುನೂರು ಮೀಟರಿನ ಸಾಲಿನಲ್ಲಿ ಆರು ವರ್ಷಗಳಿಂದ ಅಕ್ಕನ ಹೆಸರೇ ಇತ್ತು. ಎರಡು ನಿಮಿಷ ಒಂಬತ್ತು ಪಾಯಿಂಟ್ ನಾಲ್ಕು. ಆ ಪಾಯಿಂಟ್ ನಾಲ್ಕಕ್ಕೇ ಅವಳಿಗೆ ಶಿಬಿರ ಕೈತಪ್ಪಿತ್ತು. ಮರುವರ್ಷ ಮೊಣಕಾಲು ಕೈಕೊಟ್ಟಿತು. ಆ ಹಲಗೆಯನ್ನು ಯಾರೂ ಓದುತ್ತಿರಲಿಲ್ಲ, ಅದರ ಮೂಲೆಗೆ ಒದ್ದೆ ಟವೆಲ್ ನೇತು ಹಾಕುತ್ತಿದ್ದರು. ಅಕ್ಕ ಮಾತ್ರ ದಿನಾ ಬೂಟು ತೆಗೆದುಕೊಳ್ಳುವ ನೆಪದಲ್ಲಿ ಒಂದು ಕಣ್ಣು ಹಾಯಿಸುತ್ತಿದ್ದಳು.

ಮೊದಲ ಓಟದ ದಿನ ಬೆಳಿಗ್ಗೆ ಕೋಚ್ ಒಂದು ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡು ಹಲಗೆಯ ಮುಂದೆ ನಿಂತಿದ್ದರು.

“ಏನಮ್ಮ ಗಡಿಯಾರ, ಸಂಜೆಗೆ ನಿನ್ನ ಸಾಲು ಒರೆಸ್ಬೇಕಾಗುತ್ತೆ. ಬೇಜಾರಿಲ್ಲ ತಾನೇ?”

“ಅಯ್ಯೋ, ಏನ್ ಸರ್ ನೀವು! ನಾನೇ ಒರೆಸ್ತೀನಿ ಬಿಡಿ” ಎಂದು ಅಕ್ಕ ನಕ್ಕಳು. ನಗು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಟರ್ಪೆಂಟೈನ್ ವಾಸನೆ ಮಾತ್ರ ಮೂಗಿನಲ್ಲೇ ಉಳಿಯಿತು.

ಗೆರೆಯ ಮೇಲೆ ನಿಂತಾಗ ಅವಳ ಮನಸ್ಸಿನಲ್ಲಿ ಅರವತ್ತಮೂರೇ ಇತ್ತು. ಇದನ್ನು ನಂಬಬೇಕು, ಅವಳ ಪರವಾಗಿ ಹೇಳಲು ಬೇರೇನೂ ಇಲ್ಲ. ಪಿಸ್ತೂಲು ಸಿಡಿಯಿತು. ಮೊದಲ ತಿರುವು ಮುಗಿದು ಎಲ್ಲರೂ ಒಳ ಪಟ್ಟಿಗೆ ಇಳಿದಾಗ ಅವಳಿಗೆ ತಿಳಿಯಿತು, ವೇಗ ಹೆಚ್ಚಾಗಿದೆ ಎಂದು. ಗಡಿಯಾರಕ್ಕೆ ತಿಳಿಯದೇ ಇರುತ್ತದೆಯೇ? ಎರಡು ಹೆಜ್ಜೆ ಸಡಿಲಿಸಿದ್ದರೆ ಸಾಕಿತ್ತು. ಅವಳು ಸಡಿಲಿಸಲಿಲ್ಲ. ಇನ್ನೂರರ ಗುರುತಿನ ಬಳಿ ಕೋಚ್ ಕೈಯಲ್ಲಿದ್ದ ಸ್ಟಾಪ್‌ವಾಚನ್ನು ಕಣ್ಣಿಗೆ ಹತ್ತಿರ ಹಿಡಿದು, ಬಾಯಿ ತೆರೆದು, ಏನೂ ಹೇಳದೆ ಮುಚ್ಚಿದರು. ಸುತ್ತು ಮುಗಿದಾಗ ಗೆರೆಯ ಬಳಿ ಸಮಯ ನೋಡಲು ಕೂತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೂಗಿದರು: “ಐವತ್ತೊಂಬತ್ತು!”

ಆ ಸಂಖ್ಯೆ ಕಿವಿಗೆ ಬಿದ್ದಾಗ ಅಕ್ಕನಿಗೆ ಆದದ್ದು ಭಯವಲ್ಲ, ಖುಷಿ. ಬೆನ್ನ ಹಿಂದೆ ತಂಗಿಯ ಉಸಿರು ಹರಿದು ಹರಿದು ಬರುತ್ತಿತ್ತು, ಅದನ್ನು ಕೇಳಿಯೂ ಖುಷಿಯೇ. ಐನೂರಕ್ಕೆ ಹುಲ್ಲಿನ ಮೇಲೆ ಸರಿದು ನಿಂತು ತಿರುಗಿ ನೋಡಿದಾಗ ತಂಗಿಯ ತೋಳುಗಳು ಆಗಲೇ ಬಿಗಿದಿದ್ದವು. ಕೊನೆಯ ನೂರು ಮೀಟರಿನಲ್ಲಿ ಮೂವರು ಅವಳನ್ನು ದಾಟಿದರು. ಎರಡು ಹದಿನಾಲ್ಕು ಪಾಯಿಂಟ್ ಮೂರು. ಗೆರೆ ದಾಟಿ ಅವಳು ಮೊಣಕಾಲೂರಿ ಕೂತದ್ದನ್ನು ಕಂಡ ಮೇಲೆ ಅಕ್ಕನ ಖುಷಿ ಇಳಿಯಿತು. ಇಳಿದ ಜಾಗದಲ್ಲಿ ಬಂದು ಕೂತದ್ದು ನಾಚಿಕೆ, ಅದು ಮತ್ತೆ ಏಳಲೇ ಇಲ್ಲ.

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಬೈಯುವವರೇ ಇಲ್ಲ! ನೋಡುತ್ತಿದ್ದವರು, “ಅಕ್ಕ ಏನ್ ಓಡಿದ್ಲಪ್ಪಾ! ತಂಗಿಗೆ ಆ ದಮ್ಮಿಲ್ಲ” ಎಂದರು. ಡ್ರಾಯಿಂಗ್ ಮೇಷ್ಟ್ರಿಗೆ ಯೋಜನೆಯೇ ಗೊತ್ತಿರಲಿಲ್ಲ, ಅವರು ಬರೆದುಕೊಳ್ಳುವುದು ಕೊನೆಯ ಸಮಯ ಮಾತ್ರ. ಮೈದಾನದ ಆ ಬದಿಯಲ್ಲಿದ್ದ ಕೋಚ್‌ಗೆ ಅವರ ಕೂಗು ಕೇಳಿಸಿರಲಿಲ್ಲ. ಅಮ್ಮ ಮನೆಗೆ ಬಂದವಳೇ ಹಣೆ ಚಚ್ಚಿಕೊಂಡಳು. “ತಪ್ಪೆಲ್ಲ ನಂದೇ. ಬೆಳಿಗ್ಗೆ ಎರಡು ಮೊಟ್ಟೆ ಜಾಸ್ತಿ ತಿನ್ನಿಸಿಬಿಟ್ಟೆ. ಹೊಟ್ಟೆ ಭಾರ ಆಗಿದೆ ಮಗೂಗೆ.” ಅಕ್ಕನ ಮೊಣಕಾಲು ಊದಿತ್ತು. ಅಮ್ಮ ಅದಕ್ಕೆ ಬಿಸಿ ಬಟ್ಟೆ ಒತ್ತುತ್ತಾ, “ತಂಗಿಗೋಸ್ಕರ ಕಾಲು ಕೆಡಿಸ್ಕೊಂಡ್ಯಲ್ಲೇ” ಎಂದು ಕಣ್ಣೊರೆಸಿಕೊಂಡಳು. ಆ ಬಟ್ಟೆ ಇನ್ನೂ ಸ್ವಲ್ಪ ಬಿಸಿಯಾಗಿದ್ದು ಚರ್ಮ ಸುಟ್ಟಿದ್ದರೂ ಅಕ್ಕ ಅಯ್ಯೋ ಎನ್ನುತ್ತಿರಲಿಲ್ಲ.

ಕೋಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೋಮವಾರ ಅಕ್ಕನನ್ನೂ ಕರೆದುಕೊಂಡು ವಾಚ್ ರಿಪೇರಿ ಅಂಗಡಿಗೆ ಹೋದರು.

“ಇನ್ನೂರಕ್ಕೆ ಇಪ್ಪತ್ತೊಂಬತ್ತು ತೋರಿಸ್ತು ಕಣಮ್ಮ. ಮೂವತ್ತೊಂದೂವರೆ ಇರ್ಬೇಕಾದ ಕಡೆ! ಮುಂದೆ ಓಡ್ತಿರೋದು ನೀನು, ಇಪ್ಪತ್ತೊಂಬತ್ತು ಹೇಗೆ ಸಾಧ್ಯ? ವಾಚ್ ಕೆಟ್ಟಿದೆ ಅಂತ ಸುಮ್ಮನಿದ್ದೆ” ಎಂದರು ದಾರಿಯಲ್ಲಿ.

ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸ್ಟಾಪ್‌ವಾಚಿನ ಬೆನ್ನು ಬಿಚ್ಚಿ, ಊದಿ, ಮತ್ತೆ ಮುಚ್ಚಿ, ತನ್ನ ಗೋಡೆ ಗಡಿಯಾರದ ಪಕ್ಕ ಐದು ನಿಮಿಷ ಓಡಿಸಿದ.

“ಇದಕ್ಕೇನೂ ಆಗಿಲ್ಲ ಯಜಮಾನ್ರೇ. ಕಲ್ಲುಗುಂಡಿನ ಹಾಗಿದೆ.”

ಕೋಚ್ ಅದನ್ನು ತೆಗೆದು ಕುತ್ತಿಗೆಗೆ ಹಾಕಿಕೊಂಡರು. ಆಮೇಲೆ ತಮ್ಮ ಹೆಬ್ಬೆರಳನ್ನು ಮುಂದೆ ಹಿಡಿದು ನೋಡಿಕೊಂಡು, “ಹಾಗಾದ್ರೆ ಇದಕ್ಕೆ ವಯಸ್ಸಾಯ್ತು. ಓಟ ಶುರುವಾದಾಗ ಬಟನ್ ತಡವಾಗಿ ಒತ್ತಿದೀನಿ” ಎಂದರು. ಸ್ಟಾಪ್‌ವಾಚಿನ ದಾರವನ್ನು ತಮ್ಮ ಕುತ್ತಿಗೆಯಿಂದ ತೆಗೆದು ಅಕ್ಕನ ಕುತ್ತಿಗೆಗೆ ಹಾಕಿದರು. “ಇನ್ಮೇಲೆ ನೀನೇ ಇಟ್ಕೋ. ನನಗಿಂತ ನಿನ್ನ ಕೈಯಲ್ಲಿರೋದೇ ಸರಿ.”

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಅಂಗಡಿಯ ಸಿಮೆಂಟು ನೆಲ ಬಾಯಿ ಬಿಡಲಿಲ್ಲ. ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದವಳು “ಆಗ್ಲಿ ಸರ್” ಎಂದುಬಿಟ್ಟಳು.

ಬುಧವಾರ ಮಧ್ಯಾಹ್ನ ಅಮ್ಮನಿಗೆ ಹಲ್ಲಿನ ವೈದ್ಯರ ಬಳಿ ಹೋಗುವುದಿತ್ತು. ಅವಳ ಬದಲಿಗೆ ತಂಗಿ ಲಾಂಡ್ರಿಗೆ ಬಂದಳು. ಉಗಿ ತುಂಬಿದ ಕೋಣೆ, ಯಂತ್ರಗಳ ಗುಡುಗುಡು. ಇಬ್ಬರೂ ಒಂದೊಂದು ತುದಿ ಹಿಡಿದು ನಿಂತರು. ನಾಲ್ಕು ಹೆಜ್ಜೆ ಮುಂದೆ, ಅಂಚಿಗೆ ಅಂಚು, ನಾಲ್ಕು ಹೆಜ್ಜೆ ಹಿಂದೆ. ಹತ್ತು ಹನ್ನೆರಡು ಶೀಟು ಆದ ಮೇಲೆ ತಂಗಿ ಶೀಟಿನ ಆ ಕಡೆಯಿಂದ ಹೇಳಿದಳು:

“ಅಕ್ಕ, ಅವತ್ತು ನಿನ್ನ ಮರ್ಯಾದೆ ಕಳೆದೆ ಕಣೇ.”

“ನೀನೇನು ಮಾಡ್ದೆ?”

“ಮೇಷ್ಟ್ರು ಐವತ್ತೊಂಬತ್ತು ಅಂದಿದ್ದು ನನಗೂ ಕೇಳಿಸ್ತು.”

ಅಕ್ಕನ ಹೆಜ್ಜೆ ತಪ್ಪಿತು, ಅಂಚು ಸೊಟ್ಟವಾಯಿತು.

“ಜಾಸ್ತಿ ಆಯ್ತು ಅಂತ ಗೊತ್ತಾಯ್ತು. ನಿಧಾನ ಮಾಡ್ಬಹುದಿತ್ತು. ಆದ್ರೆ ನೀನು ಯಾವತ್ತೂ ತಪ್ಪಲ್ವಲ್ಲ, ಬೇಕು ಅಂತಾನೇ ಎಳೀತಿದೀಯ ಅನ್ನಿಸ್ತು. ಎರಡು ಒಂಬತ್ತೇನು, ಎರಡು ಐದಕ್ಕೂ ಇವಳು ಓಡ್ತಾಳೆ ಅಂತ ಅಕ್ಕನಿಗೆ ನನ್ನ ಮೇಲೆ ಅಷ್ಟು ನಂಬಿಕೆ ಇದೆ ಅಂದ್ಕೊಂಡೆ. ಅದಕ್ಕೇ ಬಿಡಲಿಲ್ಲ. ಆಮೇಲೆ ಕಾಲೇ ಬರಲಿಲ್ಲ. ಯಾರಿಗೂ ಹೇಳಿಲ್ಲ ನಾನು. ಸರ್ ಪಾಪ ವಾಚಿಗೆ ಬೈಕೊಂಡು ಓಡಾಡ್ತಿದಾರೆ. ಹೇಳಿದ್ರೆ ನಿನ್ನ ಲೆಕ್ಕ ತಪ್ಪು ಅಂತಾರಲ್ಲ.”

ಅಂದರೆ ಇವಳು ತನ್ನ ಸೋಲಿನ ಮೇಲೆ ಕೂತು ಅಕ್ಕನ ಹೆಸರು ಕಾಯುತ್ತಿದ್ದಳು. ಅಕ್ಕ ಕೈಯಲ್ಲಿದ್ದ ಶೀಟನ್ನು ನೋಡಿದಳು, ತಂಗಿಯ ಮುಖ ನೋಡಲಾಗಲಿಲ್ಲ.

“ನಂಬಿಕೆ ಅಲ್ಲ ಕಣೇ” ಎಂದಳು.

“ಮತ್ತೆ?”

“ಹೊಟ್ಟೆಕಿಚ್ಚು.” ಯಂತ್ರದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. “ಹೊಟ್ಟೆಕಿಚ್ಚು! ಹಲಗೆ ಮೇಲಿರೋ ನನ್ನ ಸಾಲು ಒರೆಸ್ತಾರೆ ಅಂತ. ನೂರು ಮೀಟರಿಗೇ ಗೊತ್ತಾಗಿತ್ತು ನನಗೆ. ಬೇಕಂತಾನೇ ನಿಧಾನ ಮಾಡಲಿಲ್ಲ. ನೀನು ಹಿಂದೆ ಏದುಸಿರು ಬಿಡೋದು ಕೇಳಿ ನನಗೆ... ನನಗೆ ಖುಷಿ ಆಯ್ತು.”

ತಂಗಿ ಸೊಟ್ಟಗಾದ ಶೀಟನ್ನು ಬಿಚ್ಚಿ ಕೊಡವಿ, ತನ್ನ ತುದಿಯನ್ನು ಸರಿಯಾಗಿ ಹಿಡಿದು ಕಾದಳು. ಅಕ್ಕನೂ ಹಿಡಿಯಬೇಕಾಯಿತು. ನಾಲ್ಕು ಹೆಜ್ಜೆ ಮುಂದೆ ಬಂದಾಗ ಇಬ್ಬರ ಬೆರಳುಗಳು ತಾಗಿದವು. ತಂಗಿಯವು ತಣ್ಣಗಿದ್ದವು. ಆ ಬುಟ್ಟಿಯಲ್ಲಿದ್ದ ನಲವತ್ತು ಶೀಟನ್ನೂ ಅವರು ಹಾಗೆಯೇ ಮಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ತಂಗಿ ಎರಡೇ ಮಾತು ಹೇಳಿದಳು.

“ಸರ್‌ಗೆ ನೀನೇ ಹೇಳು. ಮುಂದಿನ ಓಟಕ್ಕೂ ನೀನೇ ಮುಂದೆ ಓಡು, ನಿನ್ನಷ್ಟು ಸರಿಯಾಗಿ ಬೇರೆ ಯಾರಿಗೂ ಬರಲ್ಲ.”

ಕೋಚ್‌ಗೆ ಹೇಳಿದ್ದು ಕ್ಲಬ್ಬಿನ ಕೋಣೆಯಲ್ಲಿ, ಅದೇ ಹಲಗೆಯ ಮುಂದೆ. ಕುತ್ತಿಗೆಯಿಂದ ದಾರ ತೆಗೆದು ಸ್ಟಾಪ್‌ವಾಚನ್ನು ಅವರ ಮೇಜಿನ ಮೇಲಿಟ್ಟು, ನಿಂತೇ ಹೇಳಿದಳು. ಅವರು ಕೇಳಿಸಿಕೊಂಡರು. ಅವರ ಮುಖದಲ್ಲಿ ಸಿಟ್ಟು ಬರಲಿ ಎಂದು ಅವಳು ಕಾದಳು. ಅವರು ಸ್ಟಾಪ್‌ವಾಚನ್ನು ಕೈಗೆತ್ತಿಕೊಂಡು ಅಂಗಿಯ ತುದಿಯಿಂದ ಗಾಜು ಒರೆಸಿದರು.

“ಪಾಪ, ಇದರ ಮೇಲೆ ಸುಮ್ಮನೆ ಅನುಮಾನ ಪಟ್ಟೆ” ಎಂದರು. ಅವಳ ಕಡೆ ನೋಡಲಿಲ್ಲ. ದಾರವನ್ನು ಮತ್ತೆ ತಮ್ಮ ಕುತ್ತಿಗೆಗೆ ಹಾಕಿಕೊಂಡು, “ಇಪ್ಪತ್ತೆಂಟನೇ ತಾರೀಕು ಓಟ. ಅರವತ್ತಮೂರು” ಎಂದಷ್ಟೇ ಹೇಳಿ, ಬೇರೆಯವರನ್ನು ಕರೆಯಲು ಹೊರಗೆ ಹೋದರು. ಅವತ್ತಿನಿಂದ ಅವರು ಅವಳನ್ನು ಗಡಿಯಾರ ಎಂದು ಕರೆಯಲಿಲ್ಲ. ಅವಳ ಹೆಸರು ಹಿಡಿದೇ ಕರೆದರು.

ಇಪ್ಪತ್ತೆಂಟರ ಬೆಳಿಗ್ಗೆ ಗೆರೆಯ ಮೇಲೆ ನಿಂತಾಗ ಅಕ್ಕ ಪಕ್ಕಕ್ಕೆ ತಿರುಗಿ ನೋಡಿದಳು. ತಂಗಿಯ ಎಡಗೈಯಲ್ಲಿ ಒಂದು ಕಪ್ಪು ವಾಚಿತ್ತು. ಹೊಸದು. ಪಟ್ಟಿಯ ತುದಿ ಇನ್ನೂ ಬಗ್ಗದೆ ಸೆಟೆದು ನಿಂತಿತ್ತು. ತಂಗಿ ಅದರ ಗುಂಡಿಯ ಮೇಲೆ ಬೆರಳಿಟ್ಟು ಮುಂದೆ ನೋಡುತ್ತಿದ್ದಳು.

ಅಕ್ಕ ತನ್ನ ಜೀವನದಲ್ಲೇ ಅಷ್ಟು ಸರಿಯಾಗಿ ಓಡಿರಲಿಲ್ಲ. ಇನ್ನೂರಕ್ಕೆ ಮೂವತ್ತೊಂದೂವರೆ. ಬೆನ್ನ ಹಿಂದೆ ‘ಪೀಂ’ ಎಂದು ವಾಚು ಸದ್ದು ಮಾಡಿತು. ತಂಗಿ ಕೈ ಎತ್ತಿ ನೋಡಿಕೊಂಡಿರಬೇಕು, ಹೆಜ್ಜೆಯ ಸದ್ದು ಒಂದು ಗಳಿಗೆ ಬದಲಾಗಿ ಮತ್ತೆ ಕೂಡಿಕೊಂಡಿತು. ಸುತ್ತು ಮುಗಿದಾಗ ಮೇಷ್ಟ್ರು ‘ಅರವತ್ತಮೂರು’ ಎಂದು ಕೂಗಿದರು. ಅವರು ಕೂಗಿದ ಮೇಲೂ ಹಿಂದೆ ‘ಪೀಂ’ ಎಂದಿತು. ಐನೂರಕ್ಕೆ ಅಕ್ಕ ಹುಲ್ಲಿಗೆ ಸರಿದಳು. ತಂಗಿ ಅವಳ ಕಡೆ ತಿರುಗದೆ ದಾಟಿ ಹೋದಳು. ಕೊನೆಯ ತಿರುವಿನಲ್ಲಿ ಯಾರೂ ಅವಳ ಹತ್ತಿರವಿರಲಿಲ್ಲ.

ಎರಡು ಎಂಟು ಪಾಯಿಂಟ್ ಆರು. ಅಮ್ಮ ಕಂಬಿಯ ಮೇಲೆ ಬಗ್ಗಿ ಯಾರದೋ ಟೋಪಿ ಬೀಳಿಸಿದಳು. ಕೋಚ್ ಎರಡೂ ಕೈ ಮೇಲೆತ್ತಿ ಹುಲ್ಲಿನ ಮೇಲೆ ಓಡಿದರು. ಅಕ್ಕ ಯಾರೂ ಹೇಳುವ ಮೊದಲೇ ಕೋಣೆಗೆ ಹೋಗಿ, ಬಟ್ಟೆಗೆ ಟರ್ಪೆಂಟೈನ್ ಸುರಿದು, ತನ್ನ ಸಾಲನ್ನು ಒರೆಸಿದಳು. ಆರು ವರ್ಷದ ಬಣ್ಣ, ಸುಲಭಕ್ಕೆ ಹೋಗಲಿಲ್ಲ, ಉಜ್ಜಿ ಉಜ್ಜಿ ತೆಗೆಯಬೇಕಾಯಿತು.

ಹಿಂತಿರುಗಿ ಬಂದಾಗ ತಂಗಿ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಓಟ ಮುಗಿದ ಮೇಲೆ ಅವಳ ಬೂಟಿನ ದಾರ ಬಿಚ್ಚುವುದು ಅವಳ ಹತ್ತನೇ ವಯಸ್ಸಿನಿಂದ ಅಕ್ಕನ ಕೆಲಸ. ಅಕ್ಕ ಕೆಳಗೆ ಕೂತು ಒಂದು ಬೂಟು ತೆಗೆದಳು. ತಂಗಿ ಬಾಗಿ, ಒದ್ದೆ ಕೈಯನ್ನು ಅಕ್ಕನ ತಲೆಯ ಮೇಲಿಟ್ಟಳು. ಹೊಸ ಪಟ್ಟಿ ಒತ್ತಿ ತಂಗಿಯ ಮಣಿಕಟ್ಟು ಕೆಂಪಾಗಿತ್ತು. ವಾಚು ಬಿಚ್ಚೋಣವೆಂದು ಅಕ್ಕ ಕೈ ಚಾಚಿದಳು.

ತಂಗಿ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡಳು.

“ಇದು ಇರ್ಲಿ ಅಕ್ಕ.”

ಅಕ್ಕ ತಲೆಯಾಡಿಸಿ, ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದಳು.