ಮೂರನೇ ನಿಮಿಷದ ವಿದಾಯ

"ಬಿಟ್ಟು ಹೋಗ್ತೀಯೇನೋ, ಬೋಳಿಮಗನೆ? ಎಲ್ಲಿಗೆ ಹೋಗ್ತೀಯ? ಸ್ಪೇನಿನೋರು ನಿನಗೆ ಕಾರು ಕಳಿಸಿದಾರಾ?"

ಕಸಾಯಿಖಾನೆಯಲ್ಲಿ ಆಗ ಬೆಳಗಿನ ಎಂಟು ಗಂಟೆ. ತ್ರಾಯ್ಕೊ ಮೊಣಕೈವರೆಗೂ ಹಂದಿಯ ಕರುಳಿನಲ್ಲಿದ್ದ. ಕರುಳಿನ ಒಂದು ತುದಿಯನ್ನು ನಲ್ಲಿಗೆ ಸಿಕ್ಕಿಸಿ, ನೀರು ಬಿಟ್ಟು, ಬೆರಳಲ್ಲಿ ಹಿಂಡುತ್ತ ಹೊಲಸು ತೆಗೆಯುವ ಕೆಲಸ. ಪಕ್ಕದಲ್ಲಿ ನಾನು ಪೈಪು ಹಿಡಿದು ನೆಲದ ರಕ್ತವನ್ನು ಮೋರಿಗೆ ತಳ್ಳುತ್ತಿದ್ದೆ. ವುಕಾಶಿನ್ ಧಣಿ ಬಾಗಿಲಲ್ಲೇ ನಿಂತಿದ್ದ. ಅವನು ಒಳಗೆ ಬರುವುದಿಲ್ಲ, ಬೂಟು ಕೆಡುತ್ತದೆ. ಈ ಕಸಾಯಿಖಾನೆ ಅವನದು. ‘ಗುಡುಗು’ ಎಂಬ ಫುಟ್‌ಬಾಲ್ ತಂಡ ಅವನದು. ಬರುವ ತಿಂಗಳ ಚುನಾವಣೆ ಗೆದ್ದರೆ ಊರೂ ಅವನದೇ.

"ಸ್ಪೇನ್ ಅಲ್ಲ ಧಣೇರೆ," ತ್ರಾಯ್ಕೊ ತಲೆ ಎತ್ತದೆ ಹೇಳಿದ. "ನಮ್ ಮೊಹಲ್ಲಾದೋರೇ ಒಂದು ಟೀಮು ಕಟ್ಟವ್ರೆ. ಹತ್ ಜನ ಆಗವ್ರೆ. ನಾನೊಬ್ಬ ಹೋದ್ರೆ ಹನ್ನೊಂದಾಯ್ತದೆ. ಬುಡುಗಡೆ ಕಾಗ್ದಕ್ಕೆ ಒಂದು ಮೊಹರು ಒತ್ಬುಡಿ, ನಿಮ್ ದಮ್ಮಯ್ಯ."

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿಗಾನ್‌ಗಳ ಟೀಮಾ! ಮೊದಲನೇ ದಿನವೇ ಚೆಂಡು ಮಾರ್ಕೊಂಡು ಕುಡಿದುಬಿಡ್ತೀರಲ್ಲೋ!"

ಸಿಗಾನ್, ಅಂದರೆ ಜಿಪ್ಸಿ, ಎನ್ನುವುದು ಅವರು ನಮಗೆ ಇಟ್ಟ ಹೆಸರು. ನಮಗೆ ನಾವು ರೋಮಾ ಜನ. ಆದರೆ ಕರುಳು ತೊಳೆಯುವಾಗ ಹೆಸರಿಗಾಗಿ ಯಾರು ಜಗಳಕ್ಕೆ ನಿಲ್ಲುತ್ತಾರೆ?

ತ್ರಾಯ್ಕೊ ನನ್ನ ಅಕ್ಕನ ಗಂಡ. ಹದಿನೇಳನೇ ವಯಸ್ಸಿಗೆ ಗುಡುಗಿಗೆ ಸೇರಿದವನು, ಈಗ ಮೂವತ್ತೆಂಟು. ಇಪ್ಪತ್ತೊಂದು ವರ್ಷದಿಂದ ಗೋಲಿನ ಮುಂದೆ ಅಡ್ಡ ನಿಂತು ಎದುರಾಳಿಗಳನ್ನು ತಡೆದಿದ್ದಾನೆ. ಎರಡು ಸಲ ಮೂಗು ಮುರಿದಿದೆ, ಒಂದು ಸಲ ದವಡೆ. ಒಂದು ದಿನವೂ ನಾಯಕನಾಗಲಿಲ್ಲ. ನಾಯಕನ ಪಟ್ಟಿ ಈಗ ಧಣಿಯ ಅಳಿಯ ಓಗ್ನೆನ್‌ನ ತೋಳಿನಲ್ಲಿದೆ. ಆ ಮಹಾಶಯ ಓಡಿದರೆ ಪಕ್ಕದಲ್ಲಿ ಹಸು ಮೇಯುತ್ತಾ ದಾಟಿಹೋಗುತ್ತದೆ.

ಹಳೇ ತಂಡ ದುಂಡನೆಯ ಮೊಹರು ಒತ್ತಿ ಬಿಡುಗಡೆ ಕೊಡದೆ ಯಾವನೂ ಹೊಸ ತಂಡಕ್ಕೆ ಆಡುವಂತಿಲ್ಲ. ಗುಡುಗಿನ ಮೊಹರು ಧಣಿಯ ಅಂಗಿ ಜೇಬಿನಲ್ಲಿ ಸಿಗರೇಟಿನ ಪಕ್ಕ ಇರುತ್ತದೆ. ಮೂರು ವರ್ಷದಿಂದ ತ್ರಾಯ್ಕೊ ಕೇಳುತ್ತಿದ್ದ. ಮೊದಲ ವರ್ಷ ಧಣಿ ‘ಆಮೇಲೆ ಬಾ’ ಎಂದ. ಎರಡನೇ ವರ್ಷ ಮೊಹರು ಕಳೆದುಹೋಗಿದೆ ಎಂದ, ಜೇಬು ಉಬ್ಬಿಕೊಂಡು ಕಣ್ಣಿಗೆ ಹೊಡೆಯುತ್ತಿತ್ತು. ಈಗ ಬರುವ ಸೋಮವಾರ ಕಡೇ ದಿನ. ಅಷ್ಟರೊಳಗೆ ಹನ್ನೊಂದನೆಯವನ ಕಾಗದ ಲೀಗ್ ಕಚೇರಿ ಮುಟ್ಟದಿದ್ದರೆ ಮೊಹಲ್ಲಾದ ತಂಡ ಹುಟ್ಟುವ ಮುಂಚೆಯೇ ಸತ್ತಂತೆ.

"ನೋಡು, ನಿನಗೊಂದು ಒಳ್ಳೇದು ಮಾಡ್ತೀನಿ," ಧಣಿಯ ದನಿ ಬೆಣ್ಣೆಯಾಯಿತು. "ಭಾನುವಾರ ಕಡೇ ಪಂದ್ಯ. ನಿನಗೆ ಬೀಳ್ಕೊಡುಗೆ. ಟೀವಿಯೋರು ಬರ್ತಾರೆ, ಪಾದ್ರಿ ಬರ್ತಾರೆ, ಇಡೀ ಹೋರಿ ಸುಡಿಸ್ತೀನಿ. ರಾಜನ ಥರ ಆಟದಿಂದ ನಿವೃತ್ತಿ ಆಗು."

"ನಾನ್ಯಾವಾಗ ಆಟ ಬುಡ್ತೀನಿ ಅಂದೆ ಧಣೇರೆ?"

"ನಾನು ಅಂದೆನಲ್ಲ." ನನ್ನ ಕಡೆ ತಿರುಗಿದ. "ಲೇ ತುತ್ತೂರಿ! ನಿಮ್ಮ ಬ್ಯಾಂಡಿನೋರನ್ನ ಕರ್ಕೊಂಬಾ. ಜನಕ್ಕೆ ಅಳು ಬರೋ ಹಾಗೆ ಊದಬೇಕು."

ಅವನು ಹೋದಮೇಲೆ ತ್ರಾಯ್ಕೊ ಕರುಳನ್ನು ಬಕೆಟ್ಟಿಗೆ ಎಸೆದು, ಆ ಬೂಟಿನ ಒಡೆಯನ ಅಮ್ಮ, ಅಜ್ಜಿ, ಅವರ ಹಿಂದಿನ ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ನೆನೆಸಿಕೊಂಡ. ನಾನೂ ಒಂದೆರಡು ಹೆಸರು ಸೇರಿಸಿದೆ.

*

ಗುರುವಾರ ಕೆಲಸ ಮುಗಿಸಿ ಇಬ್ಬರೂ ಮೊಹಲ್ಲಾಕ್ಕೆ ಬಂದೆವು. ಹೊಳೆಯ ತಿರುವಿನಿಂದಲೇ ಗೋಳಾಟ ಕೇಳಿಸಿತು.

"ಯಾರ್ಲಾ ಬಾಮೈದ ಹೋದೋರು?" ತ್ರಾಯ್ಕೊ ಟೋಪಿ ತೆಗೆದ.

"ಯಾರೋ ಮುದುಕರಿರಬೇಕು ಭಾವ," ಎಂದು ನಾನೂ ಟೋಪಿ ತೆಗೆದೆ.

ಹತ್ತಿರ ಹೋದರೆ ಅಳು ಬರುತ್ತಿದ್ದುದು ತ್ರಾಯ್ಕೊನ ಮನೆಯಿಂದಲೇ. ಅಂಗಳದಲ್ಲಿ ಹೆಂಗಸರು, ಒಲೆಯ ಮೇಲೆ ಕಾಫಿ, ಬೆಂಚಿನ ಮೇಲೆ ಸತ್ತವರ ಹೆಸರಿಗೆ ಬೇಯಿಸಿದ ಗೋಧಿಯ ಬಟ್ಟಲುಗಳು, ಸೀಸೆಗಳಲ್ಲಿ ಪ್ಲಮ್ ಹಣ್ಣಿನ ಸಾರಾಯಿ. ನಡುವೆ ಅವನ ತಾಯಿ ದೆಸಾಂಕ ನೆಲಕ್ಕೆ ಕೂತು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. "ನನ್ ಬಂಗಾರದ ಕಾಲೇ! ಯಾವ ಹೋರಿ ಗುದ್ದುತೋ ಮಗ್ನೇ! ಕಸಾಯಿಖಾನೆಯಿಂದ ಒಂದ್ ಮಾತು ಹೇಳಿ ಕಳಿಸ್ನಿಲ್ವಲ್ಲಪ್ಪೋ!"

ತ್ರಾಯ್ಕೊ ಬಾಗಿಲಲ್ಲಿ ನಿಂತ. "ಅವ್ವಾ, ಯಾರ್ ಸತ್ರು?"

ಹೆಂಗಸರೆಲ್ಲ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬಳು ಕಾಫಿ ಚೆಲ್ಲಿದಳು. ದೆಸಾಂಕ ಮಗನನ್ನು ಮೇಲಿಂದ ಕೆಳಗೆ ನೋಡಿ, ಕಾಲಿನ ಚಪ್ಪಲಿ ಕಿತ್ತು ಅವನ ಬೆನ್ನಿಗೆ ಬಾರಿಸಿದಳು. "ಬದ್ಕಿದ್ರೆ ಬದ್ಕಿವ್ನಿ ಅಂತ ಹೇಳಕ್ಕಾಗ್ದಾ, ಹಾಳಾದೋನೆ! ಕಂಬದ್ ಮೇಲೆ ನೋಡೋಗು!"

ನಮ್ಮಲ್ಲಿ ಯಾರಾದರೂ ಸತ್ತರೆ ಫೋಟೊದ ಸುತ್ತ ಕಪ್ಪು ಅಂಚು ಹಾಕಿ ಅಚ್ಚು ಮಾಡಿಸಿ, ಕರೆಂಟು ಕಂಬಕ್ಕೂ ಮರಕ್ಕೂ ಅಂಟಿಸುತ್ತಾರೆ. ಮೊಹಲ್ಲಾದ ಬಾಯಲ್ಲಿರುವ ಕಂಬದ ಮೇಲೆ ಆ ವಾರ ಮೂವರಿದ್ದರು: ಒಬ್ಬ ಬಡಗಿ, ಒಬ್ಬ ವಿಧವೆ, ಅವರಿಬ್ಬರ ನಡುವೆ ತ್ರಾಯ್ಕೊ. ಅದೇ ಕಪ್ಪು ಅಂಚು. ಧಣಿ ಬೀಳ್ಕೊಡುಗೆಯ ಚೀಟಿಯನ್ನು ಅದೇ ಅಚ್ಚುಮನೆಯಲ್ಲಿ ಮಾಡಿಸಿದ್ದ, ಅಚ್ಚಿನವನು ಕೈಗೆ ಸಿಕ್ಕಿದ ಚೌಕಟ್ಟನ್ನೇ ಬಳಸಿದ್ದ. ಓದು ಬಾರದ ದೆಸಾಂಕ ಇನ್ನೇನು ಮಾಡಿಯಾಳು? ಓದು ಬಂದ ನಾನು ಜೋರಾಗಿ ಓದಿದೆ: "ಗುಡುಗಿನ ನಿಷ್ಠಾವಂತ ಮಗ ತ್ರಾಯ್ಕೊನಿಗೆ ಕಡೆಯ ವಿದಾಯ. ಭಾನುವಾರ ಐದು ಗಂಟೆಗೆ. ದುಃಖತಪ್ತ ಅಧ್ಯಕ್ಷ ವುಕಾಶಿನ್. ಬೆನ್ನಿನ ಅಂಕಿ ಮೂರರ ಗೌರವಾರ್ಥ ಮೂರನೇ ನಿಮಿಷಕ್ಕೆ ಆಟಗಾರನನ್ನು ಹೊರಗೆ ಕರೆದುಕೊಳ್ಳಲಾಗುವುದು."

"ಎಷ್ಟು ನಿಮಿಷಕ್ಕೆ?"

"ಮೂರು, ಭಾವ."

"ಇಪ್ಪತ್ತೊಂದು ವರ್ಸಕ್ಕೆ ಮೂರು ನಿಮಿಷ," ಎಂದ. "ನನ್ನ ಜೀವಂತ ಹೂಣ್ತಾವ್ರೆ ಕಣ್ಲಾ."

ಗೋಧಿ ತಂದವರು ಯಾರೂ ವಾಪಸು ಒಯ್ಯಲಿಲ್ಲ. ತ್ರಾಯ್ಕೊ ತನ್ನ ತಿಥಿಯ ಗೋಧಿಯನ್ನು ತಾನೇ ಎರಡು ಬಟ್ಟಲು ತಿಂದ, ಮೇಲೆ ಸಾರಾಯಿಯನ್ನೂ ಕುಡಿದ. ಕೊನೆಗೆ, "ನಿಮ್ ಬ್ಯಾಂಡಿನೋರು ಭಾನುವಾರ ಹೊಟ್ಟೆ ತುಂಬ ಉಂಡ್ಕೊಂಡು ಬನ್ನಿ. ತಡ ಆಯ್ತದೆ," ಎಂದ.

*

ಭಾನುವಾರ ಮೈದಾನದ ಪಕ್ಕ ಹೋರಿ ಸಲಾಕೆಯ ಮೇಲೆ ತಿರುಗುತ್ತಿತ್ತು. ಗಣ್ಯರಿಗೆ ಬಿಳಿ ಬಟ್ಟೆ ಹಾಸಿದ ಮೇಜು. ಧಣಿ ಕೊಡಲಿದ್ದ ಉಡುಗೊರೆ, ಗಾಜು ಹಾಕಿಸಿದ ಒಂದು ಫೋಟೊ, ಅದರ ಮೇಲಿತ್ತು. ನಾನು ಬಗ್ಗಿ ನೋಡಿದೆ. ಫೋಟೊದ ತುಂಬ ಧಣಿಯೇ ನಗುತ್ತಿದ್ದಾನೆ. ಅವನ ಹೆಗಲ ಹಿಂದೆ ತ್ರಾಯ್ಕೊನ ಒಂದು ಕಣ್ಣು, ಅರ್ಧ ಕಿವಿ.

ಪಾದ್ರಿ ಸಿಮೆವುನ್ ಕಾಮಕಸ್ತೂರಿ ಕಟ್ಟನ್ನು ತೀರ್ಥದಲ್ಲಿ ಅದ್ದಿ ಆಟಗಾರರ ಹಣೆಗೆ ಮುಟ್ಟಿಸುತ್ತ ಬಂದ. ತ್ರಾಯ್ಕೊನ ಮುಂದೆ ಬಂದಾಗ ಎರಡು ಹೆಜ್ಜೆ ದೂರ ನಿಂತು ಅಲ್ಲಿಂದಲೇ ಕೊಡವಿದ.

"ಹತ್ರ ಬನ್ನಿ ಸಾಮಿ, ಕಚ್ಚಲ್ಲ," ಎಂದ ತ್ರಾಯ್ಕೊ.

ಆಟ ಶುರುವಾಯಿತು. ಮೂರನೇ ನಿಮಿಷಕ್ಕೆ ಗೆರೆಯ ಪಕ್ಕ ಮೂರು ಅಂಕಿಯ ಹಲಗೆ ಮೇಲೆದ್ದಿತು. ಧಣಿ ಹೇಳಿದಂತೆ ನಾವು ಅಳುವ ರಾಗ ಎತ್ತಿದೆವು. ಬದಲಿಗೆ ಆಡುವವನು ಗೆರೆಯ ಮೇಲೆ ಬಂದು ನಿಂತ. ಗಣ್ಯರು ಎದ್ದು ಚಪ್ಪಾಳೆ ತಟ್ಟಿದರು. ಧಣಿ ಫೋಟೊ ಎತ್ತಿಕೊಂಡು ಕ್ಯಾಮೆರಾ ಕಡೆ ಮುಖ ಮಾಡಿದ.

ತ್ರಾಯ್ಕೊ ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ನಿಂತಿದ್ದ.

"ಬಾರೋ ಈಚೆ!" ನಗು ಕಳಚದ ಹಾಗೆ ಧಣಿ ಹಲ್ಲು ಕಚ್ಚಿ ಕರೆದ.

"ಬರಕಿಲ್ಲ."

ರೆಫರಿ ಬೇರೆ ಊರಿನ ಸ್ಕೂಲು ಮೇಷ್ಟ್ರು. ಒಣಕಲು ಮನುಷ್ಯ, ಆದರೆ ಕಾನೂನೆಂದರೆ ಕಾನೂನು. ಧಣಿ ಅವನ ಮೇಲೆ ಏರಿಹೋದ. "ರೀ ಮೇಷ್ಟ್ರೆ, ಆಚೆ ಹಾಕ್ರಿ ಅವನನ್ನ!"

"ಆಗಲ್ಲ ಸ್ವಾಮಿ. ಬದಲಾಯಿಸಬೇಕಾದ ಆಟಗಾರ ಹೊರಗೆ ಹೋಗಲ್ಲ ಅಂದರೆ ಆಟ ಮುಂದುವರೀಬೇಕು. ನಿಯಮ."

"ಇದ್ಯಾವ ತಲೆಕೆಟ್ಟ ನಿಯಮ?"

"ನಾನು ಬರೆದದ್ದಲ್ಲ," ಎಂದು ಮೇಷ್ಟ್ರು ಸೀಟಿ ಊದಿಬಿಟ್ಟ.

ಇಪ್ಪತ್ತೊಂದು ವರ್ಷ ತಂಡ ನಡೆಸಿದ ಧಣಿಗೆ ಆ ನಿಯಮ ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಒದೆ ತಿಂದವನಿಗೆ ಗೊತ್ತಿತ್ತು. ಮೈದಾನದ ಆ ಬದಿ ನಿಂತಿದ್ದ ನಮ್ಮ ಹೆಂಗಸರು ಕೇಕೆ ಹಾಕಿದರು. "ನೋಡ್ರವ್ವಾ, ನಮ್ ಹೆಣ ಎಂಗ್ ಓಡ್ತದೆ!" "ದೆಸಾಂಕಾ, ನಿನ್ ಮಗನ ತಿಥಿಗೆ ಹೋರಿನೇ ಸುಡ್ತಾವ್ರಲ್ಲೇ!"

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ವಿರಾಮ ಬಂದರೂ ತ್ರಾಯ್ಕೊ ಬಟ್ಟೆ ಬದಲಿಸುವ ಕೋಣೆಗೆ ಹೋಗಲಿಲ್ಲ. ಒಳಗೆ ಹೋದರೆ ಬೀಗ ಜಡಿಯುತ್ತಾರೆಂದು ಗೊತ್ತಿತ್ತು. ನಡುವಿನ ವೃತ್ತದಲ್ಲಿ ಕಾಲು ಚಾಚಿ ಕೂತ, ಅವ್ವ ತಂದುಕೊಟ್ಟ ನೀರು ಕುಡಿದ. ಮೇಜಿನ ಬಳಿ ಗಣ್ಯರು ಗಡಿಯಾರ ನೋಡುತ್ತಿದ್ದರು. ಗೌರವ ಅರ್ಪಿಸದೆ ಊಟ ಬಡಿಸುವಂತಿಲ್ಲ, ಅತ್ತ ಹೋರಿಯ ಬೆನ್ನು ಕಪ್ಪಾಗುತ್ತಿತ್ತು.

ದ್ವಿತೀಯಾರ್ಧದಲ್ಲಿ ಚೆಂಡು ಮೇಜಿನ ಹತ್ತಿರವೇ ಗೆರೆ ದಾಟಿತು. ತ್ರಾಯ್ಕೊ ಅಲ್ಲಿಗೆ ಓಡಿಬಂದ, ಆದರೆ ಚೆಂಡು ಎತ್ತಲಿಲ್ಲ. ಕಾಲುಚೀಲದಿಂದ ಮಡಿಸಿದ ಕಾಗದ ತೆಗೆದು, ಗೆರೆಯ ಈಚೆ ಒಂದು ಬೆರಳೂ ಬಾರದ ಹಾಗೆ ನಿಂತು, ಕೈ ಚಾಚಿದ.

"ಮೊಹರು ಒತ್ತಿ ಧಣೇರೆ. ಈಚೆ ಬತ್ತೀನಿ."

ಕ್ಯಾಮೆರಾ ಹತ್ತಿರ ಬಂತು. ಟೀವಿಯ ಹುಡುಗಿ ಕೇಳಿದಳು, "ಅದೇನು ಕಾಗದ, ಅಧ್ಯಕ್ಷರೆ?"

"ಏನಿಲ್ಲಮ್ಮ, ನೆನಪಿಗೆ ಹಸ್ತಾಕ್ಷರ ಕೇಳ್ತಾ ಇದಾನೆ," ಎಂದು ಧಣಿ ನಕ್ಕ. ಬೆವರು ಮೀಸೆಗೆ ಇಳಿದಿತ್ತು. ಪಾದ್ರಿಯನ್ನು ಬಗ್ಗಿಸಿ, ಅವನ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಜೇಬಿನಿಂದ ಮೊಹರು ತೆಗೆದು ಗುದ್ದಿದ ರಭಸಕ್ಕೆ ಪಾದ್ರಿ ಕೆಮ್ಮಿದ. ಕಾಗದ ಕೊಡುವಾಗ ಧಣಿ ತ್ರಾಯ್ಕೊನ ಕಿವಿಗೆ ಬಾಯಿಟ್ಟ. "ನಾಳೆಯಿಂದ ನನ್ನ ಕಸಾಯಿಖಾನೆಗೆ ಕಾಲಿಟ್ರೆ ನಿನ್ನ ಕರುಳನ್ನೇ ತೊಳೆಸ್ತೀನಿ, ಸೂಳೆಮಗನೆ. ಬಾ ಈಗ, ಈ ಫೋಟೊ ಹಿಡ್ಕೊ."

ತ್ರಾಯ್ಕೊ ಮೊಹರಿನ ಶಾಯಿಗೆ ಊದಿದ. ಅಕ್ಷರ ಸರಿಯಾಗಿ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. "ಲೇ ಬಾಮೈದ!" ಎಂದು ಕೂಗಿ ಕಾಗದ ನನ್ನ ಕೈಗಿಟ್ಟ. ನಾನು ಅದನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡೆ. ಧಣಿಯ ಇಬ್ಬರು ಆಳುಗಳು ನನ್ನ ಕಡೆ ಬಂದರು. ಅಷ್ಟರಲ್ಲಿ ದೆಸಾಂಕ ಮತ್ತು ಹತ್ತು ಹನ್ನೆರಡು ಹೆಂಗಸರು ನನ್ನ ಸುತ್ತ ನಿಂತಾಗಿತ್ತು. ದೆಸಾಂಕಳ ಕೈಯಲ್ಲಿ ಚಪ್ಪಲಿಯಿತ್ತು. ನನ್ನ ಕೆಲಸವೂ ಹೋಯಿತೆಂದು ನನಗೆ ಆಗಲೇ ಖಾತ್ರಿಯಾಯಿತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ಮನೆಯಲ್ಲಿ ಐದು ಬಾಯಿ ಇವೆ. ಆದರೂ ನಗು ತಡೆಯಲಾಗಲಿಲ್ಲ.

ತ್ರಾಯ್ಕೊ ಚೆಂಡು ಎತ್ತಿಕೊಂಡು ಒಳಕ್ಕೆ ಎಸೆದು, ತನ್ನ ಜಾಗಕ್ಕೆ ವಾಪಸು ಹೊರಟ.

"ಎಲ್ಲಿಗೋ?!" ಧಣಿಯ ನಗು ಈ ಸಲ ಉದುರಿತು. "ಮೊಹರು ಒತ್ತಿದೆನಲ್ಲೋ!"

"ಮೂರು ವರ್ಸ ನೀವು ಆಮೇಲೆ ಬಾ ಅಂದ್ರಲ್ಲ ಧಣೇರೆ," ತ್ರಾಯ್ಕೊ ಹಿಂದಕ್ಕೆ ನೋಡದೆ ಕೂಗಿದ. "ನಾನೂ ಆಮೇಲೆ ಬತ್ತೀನಿ. ಆಟ ಇನ್ನೂ ಅರ್ಧ ಗಂಟೆ ಅದೆ."

ಧಣಿ ಫೋಟೊವನ್ನು ನೆಲಕ್ಕೆ ಅಪ್ಪಳಿಸಿದ. "ಓಗ್ನೆನ್! ಯಾವನಾದ್ರೂ ಆ ಸಿಗಾನ್‌ಗೆ ಚೆಂಡು ಕೊಟ್ರೆ ಚರ್ಮ ಸುಲೀತೀನಿ ಅಂತ ಹೇಳು!"

ಯಾರೂ ಕೊಡಲಿಲ್ಲ. ತ್ರಾಯ್ಕೊ ಖಾಲಿ ಜಾಗಕ್ಕೆ ಓಡಿ ಕೈ ಎತ್ತುತ್ತಿದ್ದ. ಇಪ್ಪತ್ತೊಂದು ವರ್ಷ ಇವನ ಬೆನ್ನ ಹಿಂದೆ ಅವಿತು ಬದುಕಿದವರು ನೆಲ ನೋಡಿಕೊಂಡು ಚೆಂಡನ್ನು ಬೇರೆ ಕಡೆ ಒದೆಯುತ್ತಿದ್ದರು. ಹತ್ತು ನಿಮಿಷ ಅವನ ಕಾಲಿಗೆ ಚೆಂಡು ತಾಗಲಿಲ್ಲ. ಮೂಗು ಮುರಿದಾಗಲೂ ಅವನ ಮುಖ ಹಾಗೆ ಆಗಿರಲಿಲ್ಲ.

ಆಮೇಲೆ ಓಗ್ನೆನ್ ತನ್ನ ಎಂದಿನ ಹಸುವಿನ ಓಟದಲ್ಲಿ ಚೆಂಡು ಉರುಳಿಸಿಕೊಂಡು ಬರುತ್ತಿದ್ದ. ಎದುರಾಳಿಗಳು ಯಾರೂ ಹತ್ತಿರವಿರಲಿಲ್ಲ. ತ್ರಾಯ್ಕೊ ಪಕ್ಕದಿಂದ ಬಂದು, ಒಂದು ಕಾಲು ಚಾಚಿ, ತನ್ನ ನಾಯಕನ ಕಾಲಿನಿಂದಲೇ ಚೆಂಡು ಕಿತ್ತುಕೊಂಡ. ಓಗ್ನೆನ್ ಮುಗ್ಗರಿಸಿ ಬಿದ್ದ. ಮೇಷ್ಟ್ರು ಸೀಟಿ ಬಾಯಿಗಿಟ್ಟು, ಒಂದು ಗಳಿಗೆ ಯೋಚಿಸಿ, ಕೆಳಗಿಳಿಸಿದ. ಸ್ವಂತ ತಂಡದವನ ಚೆಂಡು ಕಿತ್ತರೆ ತಪ್ಪೆಂದು ಯಾವ ಪುಸ್ತಕದಲ್ಲೂ ಇಲ್ಲ.

"ಹಿಡೀರೋ ಅವನನ್ನ!" ಧಣಿ ಅರಚಿದ.

ನಾನು ತುತ್ತೂರಿ ಎತ್ತಿ ಅಳುವ ರಾಗ ಬಿಟ್ಟು ಮದುವೆ ಕುಣಿತ ಊದಿದೆ, ಹಿಂದೆ ಡೋಲು ಬಿತ್ತು. ಮೂವತ್ತೆಂಟರ ತ್ರಾಯ್ಕೊ, ನಾಲಿಗೆ ಹೊರಗೆ ಹಾಕಿಕೊಂಡು, ಜೀವಮಾನವಿಡೀ ತಾನು ಹತ್ತಿರ ಸುಳಿಯದ ಎದುರಾಳಿಗಳ ಗೋಲಿನ ಕಡೆ ಓಡುತ್ತಿದ್ದ. ಗೋಲು ಕಾಯುವವರಿಬ್ಬರನ್ನು ಬಿಟ್ಟು ಉಳಿದ ಹತ್ತೊಂಬತ್ತು ಜನ ಅವನ ಬೆನ್ನು ಹತ್ತಿದ್ದರು. ಅವರಲ್ಲಿ ಒಂಬತ್ತು ಜನ ಅವನದೇ ಬಣ್ಣದ ಅಂಗಿ ತೊಟ್ಟವರು.